ವಯಸ್ಸಿನ ಕಾಲಂ ನೋಡಿ ತೀರ್ಮಾನ ಮಾಡಬೇಡಿ: ಕ್ಯಾನ್ಸರ್ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಎಲ್ಲ ಡಾಕ್ಟರುಗಳು, ರೇಡಿಯೇಶನ್ ವಿಭಾಗಗಳ ಮುಖ್ಯಸ್ಥರು ಮತ್ತು ಒಟ್ಟಿಗೆ ಕೂತು ಚಿಕಿತ್ಸೆ ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಸದಸ್ಯರಿಗೆ

ಮಾನ್ಯರೇ,

ನಾನು ಡಾಕ್ಟರ್ ಅಲ್ಲ. ಆರು ವರ್ಷದಿಂದ ಅಮ್ಮನ ಫೈಲು ಹಿಡಿದು ಆಸ್ಪತ್ರೆಗೆ ಓಡಾಡುತ್ತಿರುವ ಮಗಳು. ಒಬ್ಬ ಡಾಕ್ಟರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ, ಹಾಗಾಗಿ ಆಸ್ಪತ್ರೆಯ ಹೆಸರಾಗಲಿ ಡಾಕ್ಟರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ನಮಗೆ ಆದದ್ದು ಇನ್ನೂ ಎಷ್ಟೋ ಮನೆಗಳಲ್ಲಿ ಆಗುತ್ತಿದೆ ಅಂತ ರೇಡಿಯೇಶನ್ ವಿಭಾಗದ ಹೊರಗಿನ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು. ಅದಕ್ಕೇ ನಿಮ್ಮೆಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಅಮ್ಮನ ಬಲ ಸ್ತನದಲ್ಲಿ ಗಂಟು ಸಿಕ್ಕಾಗ ಅವಳಿಗೆ 73 ವರ್ಷ. 1.4 ಸೆಂಟಿಮೀಟರ್ ಗಡ್ಡೆ. ಕಂಕುಳಿನ ಗ್ರಂಥಿಗಳಿಗೆ ಹರಡಿರಲಿಲ್ಲ. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್, ಅಂದರೆ ದೇಹದ ಹಾರ್ಮೋನಿನಿಂದ ಬೆಳೆಯುವ, ಹಾರ್ಮೋನ್ ತಡೆಯುವ ಮಾತ್ರೆಗೆ ಬಗ್ಗುವ ಗಡ್ಡೆ. ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆದರು, ಆಪರೇಶನ್ ಚೆನ್ನಾಗಿಯೇ ಆಯಿತು. ಹೊಲಿಗೆ ಬಿಚ್ಚಿದ ಮೇಲೆ ಮುಂದೇನು ಅಂತ ಕೇಳಲು ಹೋದೆವು. ಡಾಕ್ಟರು ರಿಪೋರ್ಟ್ ತಿರುವಿ ನೋಡಿದರು. ಆಮೇಲೆ ಫೈಲಿನ ಮೊದಲ ಪುಟಕ್ಕೆ ಬಂದು, ವಯಸ್ಸಿನ ಕಾಲಂ ಮೇಲೆ ಪೆನ್ನಿನ ತುದಿ ಇಟ್ಟು, "73 ಅಲ್ವಾ, ಈ ವಯಸ್ಸಿಗೆ ರೇಡಿಯೇಶನ್ ಎಲ್ಲಾ ಬೇಡ ಬಿಡಿ. ಮಾತ್ರೆ ಬರೆದುಕೊಡ್ತೀನಿ, ಐದು ವರ್ಷ ಕೊಡಿ" ಅಂದರು. ಹೇಳಿದ್ದು ನನಗೆ. ಅಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನಲವತ್ತು ವರ್ಷ ಮನೆಯ ಲೆಕ್ಕ ನೋಡಿದವಳು, ಯಾವ ವಿಷಯ ಹೇಳಿದರೂ ಅರ್ಥವಾಗುತ್ತದೆ. ಆದರೂ ಆ ಐದು ನಿಮಿಷದಲ್ಲಿ ಅವಳನ್ನು ಯಾರೂ ಏನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಲಿಲ್ಲ. ವಾರಗಟ್ಟಲೆ ಓಡಾಟ ತಪ್ಪಿತಲ್ಲ ಅಂತ ನನಗೆ ಸಮಾಧಾನವೇ ಆಗಿತ್ತು.

ಆಮೇಲೆ ಕೂತು ಓದಿದೆ. ಓದಿದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಆ ದಿನದ ತೀರ್ಮಾನ ತಪ್ಪಾಗಿರಲಿಲ್ಲ. ನನ್ನ ದೂರು ಅದನ್ನು ಮಾಡಿದ ರೀತಿಯ ಮೇಲೆ.

ಸ್ತನ ಉಳಿಸಿ ಆಪರೇಶನ್ ಮಾಡಿದ ಮೇಲೆ ರೇಡಿಯೇಶನ್ ಕೊಡುವುದು ಸುಮ್ನೆ ಬಂದ ಪದ್ಧತಿ ಅಲ್ಲ. 17 ಪ್ರಯೋಗಗಳ 10,801 ಮಹಿಳೆಯರ ಮಾಹಿತಿ ಒಟ್ಟುಗೂಡಿಸಿದ ವಿಶ್ಲೇಷಣೆ 2011ರಲ್ಲಿ ಬಂತು. ರೇಡಿಯೇಶನ್ ಇಲ್ಲದವರಲ್ಲಿ 10 ವರ್ಷದೊಳಗೆ ಶೇ. 35 ಮಂದಿಗೆ ಕ್ಯಾನ್ಸರ್ ಮರುಕಳಿಸಿತ್ತು, ರೇಡಿಯೇಶನ್ ಪಡೆದವರಲ್ಲಿ ಅದು ಶೇ. 19.3ಕ್ಕೆ ಇಳಿದಿತ್ತು. 15 ವರ್ಷದ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್‌ನಿಂದ ಆದ ಸಾವು ಶೇ. 25.2ರಿಂದ ಶೇ. 21.4ಕ್ಕೆ ಬಂದಿತ್ತು. ಇದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಸರಾಸರಿ. ವಯಸ್ಸಾದವರನ್ನೇ ಬೇರೆಯಾಗಿ ನೋಡಿದಾಗ ಚಿತ್ರ ಬದಲಾಗುತ್ತದೆ. ಅಮೆರಿಕದಲ್ಲಿ 70 ದಾಟಿದ 636 ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಯಿತು. ಎಲ್ಲರದ್ದೂ ಚಿಕ್ಕ ಗಡ್ಡೆ, ಹಾರ್ಮೋನ್ ಪಾಸಿಟಿವ್, ಎಲ್ಲರಿಗೂ ಟಮಾಕ್ಸಿಫೆನ್ ಅನ್ನುವ ಹಾರ್ಮೋನ್ ಮಾತ್ರೆ. ಅರ್ಧ ಜನಕ್ಕೆ ರೇಡಿಯೇಶನ್ ಕೊಟ್ಟರು, ಅರ್ಧ ಜನಕ್ಕೆ ಕೊಡಲಿಲ್ಲ. 10 ವರ್ಷದಲ್ಲಿ ಅದೇ ಸ್ತನದಲ್ಲೋ ಅಕ್ಕಪಕ್ಕದ ಗ್ರಂಥಿಗಳಲ್ಲೋ ಮರುಕಳಿಸಿದ್ದು ಕೊಟ್ಟವರಲ್ಲಿ ಶೇ. 2, ಕೊಡದವರಲ್ಲಿ ಶೇ. 10. ಆದರೆ ಬದುಕುಳಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಸುಮಾರು ಹನ್ನೆರಡೂವರೆ ವರ್ಷ ಗಮನಿಸಿದಾಗ ತೀರಿಕೊಂಡಿದ್ದ 334 ಮಂದಿಯಲ್ಲಿ ಸ್ತನ ಕ್ಯಾನ್ಸರ್‌ನಿಂದ ಹೋದವರು 21 ಮಂದಿ ಮಾತ್ರ. ಬ್ರಿಟನ್ನಿನಿಂದ ನಡೆದ ಪ್ರೈಮ್ 2 ಪ್ರಯೋಗದಲ್ಲಿ 65 ದಾಟಿದ 1,326 ಮಹಿಳೆಯರಿದ್ದರು. ಅದರ 10 ವರ್ಷದ ಫಲಿತಾಂಶ 2023ರಲ್ಲಿ ಬಂತು. ಅದೇ ಸ್ತನದಲ್ಲಿ ಮರುಕಳಿಸಿದ್ದು ರೇಡಿಯೇಶನ್ ಇಲ್ಲದೆ ಶೇ. 9.5, ಕೊಟ್ಟರೆ ಶೇ. 0.9. ಬದುಕುಳಿದವರು ಎರಡೂ ಕಡೆ ಶೇ. 81ರ ಹತ್ತಿರ.

ಅಂದರೆ ಅಮ್ಮನಂಥವರಿಗೆ ರೇಡಿಯೇಶನ್ ಬಿಟ್ಟರೆ ಆಯುಷ್ಯ ಕಡಿಮೆಯಾಗುವುದಿಲ್ಲ, ಆದರೆ ಹತ್ತರಲ್ಲಿ ಒಬ್ಬರಿಗೆ ಅದೇ ಜಾಗದಲ್ಲಿ ಮತ್ತೆ ಬರಬಹುದು. ಇಷ್ಟೇ ವಿಷಯ. ಇದನ್ನು ಅಮ್ಮನ ಮುಂದೆ ಹೇಳಲು ಎರಡು ನಿಮಿಷ ಸಾಕಿತ್ತು. ಕೆಲವರು "ಹತ್ತರಲ್ಲಿ ಒಂಬತ್ತು ಜನಕ್ಕೆ ಏನೂ ಆಗಲ್ಲ ಅಲ್ವಾ, ಬಿಡಿ" ಅನ್ನುತ್ತಾರೆ. ಇನ್ನು ಕೆಲವರು "ಇನ್ನೊಂದು ಆಪರೇಶನ್ ಬೇಡಪ್ಪಾ, ರೇಡಿಯೇಶನ್ ಕೊಟ್ಟುಬಿಡಿ" ಅನ್ನುತ್ತಾರೆ. ಎರಡೂ ಸರಿಯೇ. ಆದರೆ ಅದನ್ನು ಹೇಳಬೇಕಾದವಳು ಅವಳು.

ಇನ್ನೊಂದು ಮಾತು ನಮಗೆ ಯಾರೂ ಹೇಳಲಿಲ್ಲ, ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಅದರ ಬಗ್ಗೆಯೇ. ಈ ಎರಡೂ ಪ್ರಯೋಗಗಳು ನಿಂತಿರುವುದು ಮಾತ್ರೆಯ ಮೇಲೆ. ರೇಡಿಯೇಶನ್ ಬಿಟ್ಟವರೂ ಐದು ವರ್ಷ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಬೇಕು ಅನ್ನುವುದು ಅಲ್ಲಿನ ಲೆಕ್ಕದ ಭಾಗ. ಮಾತ್ರೆ ನಿಂತುಹೋದರೆ ಆ ಲೆಕ್ಕವನ್ನು ಅವಳಿಗೆ ಅನ್ವಯಿಸಲು ಬರುವುದಿಲ್ಲ. ನಮಗೆ ಮಾತ್ರೆಯನ್ನು ಬಿಪಿ ಮಾತ್ರೆಯ ಹಾಗೆ, ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ರೇಡಿಯೇಶನ್ ಬದಲಿಗೆ ನಿಮ್ಮನ್ನು ಕಾಯುವುದು ಇದೇ ಅಂತ ಹೇಳಲಿಲ್ಲ.

ಅಮ್ಮನಿಗೆ ಬರೆದುಕೊಟ್ಟ ಹಾರ್ಮೋನ್ ಮಾತ್ರೆ ಲೆಟ್ರೊಜೋಲ್. ಅದು ಶುರುವಾದ ಎಂಟು ತಿಂಗಳಿಗೆ ಅಮ್ಮನಿಗೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ನಲ್ಲಿ ತಿರುಗಿಸಲು ಎರಡೂ ಕೈ ಬೇಕಾಗುತ್ತಿತ್ತು. ವಯಸ್ಸಾಯಿತು, ವಾತ ಇರಬೇಕು ಅಂತ ಅವಳೂ ಅಂದುಕೊಂಡಳು, ನಾನೂ ಅಂದುಕೊಂಡೆ. ಕೀಲು ನೋವು ಈ ಮಾತ್ರೆಯಿಂದ ಬರುವ ಮಾಮೂಲಿ ತೊಂದರೆ, ಮೂಳೆಯೂ ಸವೆಯುತ್ತದೆ, ತಡೆಯಲಾಗದೆ ಎಷ್ಟೋ ಮಹಿಳೆಯರು ಐದು ವರ್ಷ ಮುಗಿಯುವ ಮುಂಚೆಯೇ ಬಿಟ್ಟುಬಿಡುತ್ತಾರೆ ಅನ್ನುವುದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅಮ್ಮನಿಗೆ ಮಾತ್ರ ತಾನಾಗಿಯೇ ಹೊಳೆದಿರಬೇಕು. ಯಾರಿಗೂ ಹೇಳದೆ ನಿಲ್ಲಿಸಿದಳು. ಆರು ತಿಂಗಳಿಗೊಮ್ಮೆ ಫಾಲೋಅಪ್‌ಗೆ ಹೋದಾಗ "ಮಾತ್ರೆ ನಡೀತಿದೆಯಾ?" ಅಂತ ಡಾಕ್ಟರು ನನ್ನನ್ನು ಕೇಳುತ್ತಿದ್ದರು. ನಾನು "ಹೂಂ ಸಾರ್" ಅನ್ನುತ್ತಿದ್ದೆ. ಪ್ರತಿ ತಿಂಗಳು ಔಷಧಿ ಅಂಗಡಿಯಿಂದ ತರುತ್ತಿದ್ದವಳು ನಾನೇ ತಾನೇ.

ಐದನೇ ವರ್ಷ ಅದೇ ಸ್ತನದಲ್ಲಿ, ಹಳೇ ಗಾಯದ ಪಕ್ಕದಲ್ಲೇ, ಮತ್ತೆ ಗಂಟು ಬಂತು. ಆಪರೇಶನ್‌ಗೆ ಬಟ್ಟೆ ಹೊಂದಿಸಲು ಅವಳ ಕಪಾಟು ತೆಗೆದೆ. ಕೆಳಗಿನ ಡ್ರಾಯರಿನಲ್ಲಿ ಹಳೇ ಟವೆಲ್ ಅಡಿಯಲ್ಲಿ ಮಾತ್ರೆ ಸ್ಟ್ರಿಪ್‌ಗಳು. ರಬ್ಬರ್ ಬ್ಯಾಂಡ್ ಹಾಕಿ ಹತ್ತು ಹತ್ತರ ಕಟ್ಟು ಮಾಡಿ ಇಟ್ಟಿದ್ದಳು. ಎಣಿಸಲು ಶುರು ಮಾಡಿ ಅರ್ಧಕ್ಕೇ ಬಿಟ್ಟೆ. ಒಂದು ಮಾತ್ರೆಯನ್ನೂ ಒಡೆದಿರಲಿಲ್ಲ. "ಎಸೆಯೋಕೆ ಮನಸ್ಸು ಬರಲಿಲ್ಲ, ದುಡ್ಡು ಕೊಟ್ಟು ತಂದಿದ್ದೀಯಲ್ಲ" ಅಂದಳು. ಯಾಕಮ್ಮಾ ಹೇಳಲಿಲ್ಲ ಅಂದೆ. "ಕೇಳಿದ್ದು ನಿನ್ನನ್ನು" ಅಂದಳು.

ಮೊದಲೇ ರೇಡಿಯೇಶನ್ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಒಬ್ಬರ ವಿಷಯದಲ್ಲಿ ಹಾಗೆ ಹೇಳಲು ಯಾರಿಂದಲೂ ಆಗುವುದಿಲ್ಲ, ಅಷ್ಟು ನನಗೂ ಗೊತ್ತು. ಮಾತ್ರೆ ತಡೆಯಲಾಗುತ್ತಿಲ್ಲ ಅಂತ ಎರಡನೇ ವರ್ಷ ಗೊತ್ತಾಗಿದ್ದರೆ ಬೇರೆ ಮಾತ್ರೆಗೆ ಬದಲಾಯಿಸಬಹುದಿತ್ತು ಅಂತ ಮಾತ್ರ ಹೇಳುತ್ತೇನೆ. ಏನೂ ಆಗದಿದ್ದರೆ ಕನಿಷ್ಠ ಕೂತು ಮತ್ತೊಮ್ಮೆ ಯೋಚಿಸಬಹುದಿತ್ತು. ಈಗ ಯುರೋಪಾ ಅನ್ನುವ ಪ್ರಯೋಗವೊಂದು 70 ದಾಟಿದವರಲ್ಲಿ ಇದನ್ನೇ ಉಲ್ಟಾ ಮಾಡಿ ನೋಡುತ್ತಿದೆ. ಕೆಲವರಿಗೆ ಮಾತ್ರೆ ಇಲ್ಲದೆ ರೇಡಿಯೇಶನ್ ಮಾತ್ರ, ಕೆಲವರಿಗೆ ರೇಡಿಯೇಶನ್ ಇಲ್ಲದೆ ಮಾತ್ರೆ ಮಾತ್ರ. ಅದರ ಮೊದಲ ವರದಿಯಲ್ಲಿ ಎರಡು ವರ್ಷದ ಹೊತ್ತಿಗೆ ರೇಡಿಯೇಶನ್ ಪಡೆದವರ ಒಟ್ಟಾರೆ ಆರೋಗ್ಯ ಜಾಸ್ತಿ ಚೆನ್ನಾಗಿ ಉಳಿದಿತ್ತು. ಮರುಕಳಿಸುವ ಲೆಕ್ಕ ಇನ್ನೂ ಬರಬೇಕು. ವಯಸ್ಸಾದವರಿಗೆ ಮಾತ್ರೆ ಹಗುರ, ರೇಡಿಯೇಶನ್ ಭಾರ ಅಂತ ನಾವೆಲ್ಲ ಸುಮ್ನೆ ಅಂದುಕೊಂಡಿರುವುದನ್ನು ಮತ್ತೆ ಯೋಚಿಸಲು ಅಷ್ಟಾದರೂ ಸಾಕಲ್ವಾ?

ಎರಡನೇ ಸಲ ಆಪರೇಶನ್ ಆಗಿ ಅಮ್ಮನಿಗೆ ರೇಡಿಯೇಶನ್ ಕೊಟ್ಟದ್ದು 78ನೇ ವಯಸ್ಸಿನಲ್ಲಿ. 15 ಸಿಟಿಂಗ್, ಮೂರು ವಾರ. ಚರ್ಮ ಸ್ವಲ್ಪ ಕೆಂಪಾಯಿತು, ಮೂರನೇ ವಾರ ಮಧ್ಯಾಹ್ನ ಜಾಸ್ತಿ ಮಲಗುತ್ತಿದ್ದಳು. ಮೊದಲ ದಿನ ಮಷಿನ್ ರೂಮಿನಿಂದ ಹತ್ತೇ ನಿಮಿಷಕ್ಕೆ ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, "ಇಷ್ಟೇನಾ? ನನಗೆ ತಡೆಯಲ್ಲ ಅಂತ ಅವತ್ತು ಯಾರು ಹೇಳಿದ್ದು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಶ್ನೆಯನ್ನು ನಿಮಗೇ ಕೊಡುತ್ತಿದ್ದೇನೆ.

ಆ ಮೂರು ವಾರ ಬೆಂಚಿನಲ್ಲಿ ನಮ್ಮ ಪಕ್ಕ ಕೂರುತ್ತಿದ್ದವರಲ್ಲಿ 34 ವರ್ಷದ ಒಬ್ಬಳು ಇದ್ದಳು. ಎಡ ಸ್ತನ. ಅವಳ ಕಥೆ ನಮ್ಮದರ ಪೂರ್ತಿ ಉಲ್ಟಾ. ಕೀಮೋ ಆಗಿತ್ತು, ರೇಡಿಯೇಶನ್ ನಡೆಯುತ್ತಿತ್ತು, ಗಡ್ಡೆ ಇದ್ದ ಜಾಗಕ್ಕೆ ಮೇಲಿಂದ ಬೂಸ್ಟ್ ಅಂತ ಇನ್ನಷ್ಟು ಸಿಟಿಂಗ್ ಹೇಳಿದ್ದರು. "ಚಿಕ್ಕ ವಯಸ್ಸು, ಎಲ್ಲಾ ತಡ್ಕೋತೀರಿ" ಅಂದಿದ್ದರಂತೆ. ಬೂಸ್ಟ್ ಕೊಟ್ಟದ್ದರಲ್ಲಿ ತಪ್ಪೇನಿಲ್ಲ. ಯುರೋಪಿನಲ್ಲಿ 5,318 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ 50 ಗ್ರೇ (ಗ್ರೇ ಅಂದರೆ ರೇಡಿಯೇಶನ್ ಡೋಸ್ ಅಳೆಯುವ ಮಾನ) ಆದ ಮೇಲೆ ಇನ್ನೂ 16 ಗ್ರೇ ಬೂಸ್ಟ್ ಕೊಟ್ಟು 20 ವರ್ಷ ನೋಡಿದರು. 40 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಬೂಸ್ಟ್ ಇಲ್ಲದೆ ಶೇ. 36 ಮಂದಿಗೆ ಅದೇ ಸ್ತನದಲ್ಲಿ ಮತ್ತೆ ಬಂದಿತ್ತು, ಬೂಸ್ಟ್ ಕೊಟ್ಟಾಗ ಶೇ. 24.4. ಅತಿ ಹೆಚ್ಚು ಲಾಭ ಆಗಿದ್ದು ಈ ವಯಸ್ಸಿನವರಿಗೇ. 60 ದಾಟಿದವರಲ್ಲಿ ಲಾಭ ತುಂಬಾ ಚಿಕ್ಕದು. ಆದರೆ ಅದೇ ಪ್ರಯೋಗದಲ್ಲಿ ಸ್ತನ ತೀವ್ರವಾಗಿ ಗಟ್ಟಿಯಾಗುವ ತೊಂದರೆ ಶೇ. 1.8 ಇದ್ದದ್ದು ಬೂಸ್ಟ್‌ನಿಂದ ಶೇ. 5.2 ಆಯಿತು, ಒಟ್ಟು ಬದುಕುಳಿಯುವಿಕೆಯಲ್ಲಿ ವ್ಯತ್ಯಾಸ ಬರಲಿಲ್ಲ. ಈ ಎರಡನೇ ಅರ್ಧವನ್ನು ಅವಳಿಗೆ ಹೇಳಿರಲಿಲ್ಲ.

ಚಿಕ್ಕ ವಯಸ್ಸಿನವರ ಗಡ್ಡೆಗಳು ಹೆಚ್ಚಾಗಿ ಜೋರಾಗಿ ಬೆಳೆಯುವ ಜಾತಿಯವು. ಹಾರ್ಮೋನ್ ನೆಗೆಟಿವ್ ಆಗಿರುವುದು ಜಾಸ್ತಿ, ವಂಶದಲ್ಲಿ ಬಂದ ಬಿಆರ್‌ಸಿಎ ಜೀನ್ ದೋಷ ಇರುವುದೂ ಜಾಸ್ತಿ. ರೇಡಿಯೇಶನ್ ಕೊಟ್ಟ ಮೇಲೂ ಅವರಿಗೆ ಮರುಕಳಿಸುವ ಭಯ ಹೆಚ್ಚು, ಹಾಗಾಗಿ ನೀವು ಗಟ್ಟಿಯಾಗಿ ಚಿಕಿತ್ಸೆ ಕೊಡುತ್ತೀರಿ. ಅದು ಅರ್ಥವಾಗುತ್ತದೆ. ಆದರೆ ಅವರು ಮುಂದೆ ನಲವತ್ತು ವರ್ಷ ಬದುಕಬೇಕಾದವರು. ರೇಡಿಯೇಶನ್‌ನ ನಿಧಾನದ ತೊಂದರೆಗಳು ಹೊರಗೆ ಬರಲು ಅಷ್ಟು ವರ್ಷ ಧಾರಾಳ ಸಾಕು. 2013ರಲ್ಲಿ ಬಂದ ಅಧ್ಯಯನದ ಪ್ರಕಾರ ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಒಂದು ಗ್ರೇ ಹೆಚ್ಚಾದರೆ ಹೃದಯಾಘಾತದಂಥ ದೊಡ್ಡ ತೊಂದರೆಯ ಅಪಾಯ ಶೇ. 7.4ರಷ್ಟು ಏರುತ್ತದೆ. ಇದು ಮೊದಲ ಐದು ವರ್ಷದಲ್ಲೇ ಶುರುವಾಗಿ 20 ವರ್ಷದವರೆಗೂ ಇರುತ್ತದೆ. ಎಡ ಸ್ತನದವರಿಗೆ ಉಸಿರು ಎಳೆದು ಹಿಡಿದುಕೊಂಡಾಗ ರೇಡಿಯೇಶನ್ ಕೊಟ್ಟರೆ ಹೃದಯ ಎದೆಗೋಡೆಯಿಂದ ಸ್ವಲ್ಪ ದೂರ ಸರಿಯುತ್ತದೆ, ಡೋಸ್ ಕಡಿಮೆ ಬೀಳುತ್ತದೆ. ಬೆಂಚಿನಲ್ಲಿ ಪಕ್ಕದವಳು ದಿನಾ "ಇವತ್ತು ಎಷ್ಟು ಸೆಕೆಂಡ್ ಹಿಡಿದೆ?" ಅಂತ ಇನ್ನೊಬ್ಬಳನ್ನು ಕೇಳುತ್ತಿದ್ದಳು. ಈ ಹುಡುಗಿ ಅದನ್ನು ಕೇಳಿಸಿಕೊಂಡು ಹೋಗಿ, ನನಗೂ ಹಾಗೆ ಕೊಡಬಹುದಾ ಅಂತ ವಿಚಾರಿಸಿದಳು. ಕೊಡಬಹುದಿತ್ತು. ಅಷ್ಟು ಹೊತ್ತಿಗೆ ಆರು ಸಿಟಿಂಗ್ ಆಗಿಹೋಗಿತ್ತು. ಕೀಮೋದಿಂದ ಮುಂದೆ ಮಕ್ಕಳಾಗುವುದು ಕಷ್ಟವಾಗಬಹುದು, ಆದರೂ ಮಗು ಬೇಕಾ ಅನ್ನುವ ಮಾತನ್ನಂತೂ ಕೀಮೋಗೆ ಮುಂಚೆ ಅವಳ ಹತ್ತಿರ ಯಾರೂ ಎತ್ತಿರಲಿಲ್ಲ. ರೇಡಿಯೇಶನ್ ಬಿದ್ದ ಸ್ತನದಲ್ಲಿ ಹಾಲು ತೀರಾ ಕಡಿಮೆ ಬರುತ್ತದೆ ಅಥವಾ ಬರುವುದೇ ಇಲ್ಲ ಅನ್ನುವುದು ಅವಳಿಗೆ ಗೊತ್ತಾದದ್ದು ಫೋನಿನಲ್ಲಿ ಓದಿ. ಆ ದಿನ ಅವಳು ಬೆಂಚಿನಲ್ಲಿ ಕೂತು ಅತ್ತಳು. ಸಮಾಧಾನ ಮಾಡಿದ್ದು ನನ್ನ ಅಮ್ಮ.

73ರವಳಿಗೆ ಕೇಳದೆ ಕಡಿಮೆ ಮಾಡಿದಿರಿ. 34ರವಳಿಗೆ ಹೇಳದೆ ಜಾಸ್ತಿ ಮಾಡಿದಿರಿ. ಎರಡು ಕಡೆಯೂ ವಯಸ್ಸಿನ ಕಾಲಂ ನೋಡಿದ ಮೇಲೆ ಮಾತು ಮುಗಿದುಹೋಯಿತು.

ಇನ್ನೂ ಒಬ್ಬರ ವಿಷಯ ಹೇಳಬೇಕು. ಅದೇ ಬೆಂಚಿನಲ್ಲಿ ಒಬ್ಬ ಸೊಸೆ ಸಿಕ್ಕಳು, ತನ್ನದೇ ಚಿಕಿತ್ಸೆಗೆ ಬಂದಿದ್ದವಳು. ಅವಳ ಅತ್ತೆಗೆ 76ರಲ್ಲಿ ಸ್ತನ ಕ್ಯಾನ್ಸರ್ ಬಂದು, ಕಂಕುಳಿನ ನಾಲ್ಕು ಗ್ರಂಥಿಗಳಿಗೆ ಹರಡಿತ್ತಂತೆ. ಅವರಿಗೂ "ಈ ವಯಸ್ಸಿಗೆ ಬೇಡ" ಅನ್ನುವ ಅದೇ ಮಾತು. ವಯಸ್ಸಾದವರಲ್ಲಿ ರೇಡಿಯೇಶನ್ ಬಿಟ್ಟು ನೋಡಿದ ಆ ಎರಡು ಪ್ರಯೋಗಗಳು ಚಿಕ್ಕ ಗಡ್ಡೆ, ಹರಡದ ಗಡ್ಡೆ, ಹಾರ್ಮೋನ್ ಪಾಸಿಟಿವ್ ಗಡ್ಡೆಯವರ ಬಗ್ಗೆ ಮಾತ್ರ. ನಾಲ್ಕು ಗ್ರಂಥಿಗೆ ಹರಡಿದವರ ಬಗ್ಗೆ, ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಮಾತ್ರೆ ಕೆಲಸ ಮಾಡದ ಒಂದು ಜಾತಿಯ ಗಡ್ಡೆ) ಇರುವವರ ಬಗ್ಗೆ ಅವು ಏನೂ ಹೇಳಿಲ್ಲ. ಒಂದು ಗುಂಪಿಗೆ ಎಚ್ಚರದಿಂದ ಕೊಟ್ಟ ರಿಯಾಯಿತಿಯನ್ನು 70 ದಾಟಿದ ಎಲ್ಲರಿಗೂ ಹಂಚಿದರೆ ಅದು ವಿಜ್ಞಾನ ಆಗುವುದಿಲ್ಲ. ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಹಾಗಾಗಿ ನನ್ನ ಕೋರಿಕೆಗಳು. ಮೊದಲನೆಯದು, ವಯಸ್ಸನ್ನು ನೋಡಿ, ಆದರೆ ಅದರ ಜೊತೆ ಮನುಷ್ಯರನ್ನೂ ನೋಡಿ. 75ರ ಇಬ್ಬರಲ್ಲಿ ಒಬ್ಬರಿಗೆ ಹೃದಯ ಸೋತಿರುತ್ತದೆ, ಇನ್ನೊಬ್ಬರು ಎರಡು ಮಹಡಿ ಹತ್ತಿ ಇಳಿಯುತ್ತಾರೆ. ಈ ವ್ಯತ್ಯಾಸ ಅಳೆಯಲು ನಿಮ್ಮ ಹತ್ತಿರ ಸಾಧನ ಇದೆ. ಜಿ8 ಅನ್ನುವ ಎಂಟು ಪ್ರಶ್ನೆಗಳ ಪಟ್ಟಿ, ಒಟ್ಟು 17 ಅಂಕ. 14 ಅಥವಾ ಕಡಿಮೆ ಬಂದರೆ ವಿವರವಾಗಿ ಪರೀಕ್ಷೆ ಮಾಡಬೇಕು ಅಂತ. ಊಟ, ತೂಕ, ಓಡಾಟ, ನೆನಪು, ಎಷ್ಟು ಮಾತ್ರೆ ನುಂಗುತ್ತಾರೆ, ತಮ್ಮ ಆರೋಗ್ಯ ಹೇಗಿದೆ ಅಂತ ತಮಗೇ ಅನಿಸುತ್ತದೆ, ಇಂಥವೇ ಪ್ರಶ್ನೆಗಳು. ಒಬ್ಬ ನರ್ಸ್ ಕೆಲವೇ ನಿಮಿಷದಲ್ಲಿ ಕೇಳಿ ಮುಗಿಸಬಹುದು. ಅಮ್ಮನಿಗೆ ಆರು ವರ್ಷದಲ್ಲಿ ಒಮ್ಮೆಯೂ ಮಾಡಲಿಲ್ಲ.

ರೇಡಿಯೇಶನ್ ಬಿಡುವುದಾದರೆ ಯಾಕೆ ಬಿಡುತ್ತಿದ್ದೀರಿ, ಬಿಟ್ಟರೆ ಎಷ್ಟು ಜನಕ್ಕೆ ಮರುಕಳಿಸುತ್ತದೆ, ಮಾತ್ರೆ ಯಾಕೆ ತಪ್ಪಿಸಬಾರದು ಅನ್ನುವುದನ್ನು ಫೈಲಿನಲ್ಲಿ ಅವರ ಭಾಷೆಯಲ್ಲಿ ನಾಲ್ಕು ಸಾಲು ಬರೆಯಿರಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಮಾತ್ರೆಯ ಬಗ್ಗೆ ರೋಗಿಯನ್ನೇ ಕೇಳಿ. ಮಾತ್ರೆ ನಡೀತಿದೆಯಾ ಅಂತ ಕೇಳಿದರೆ ಹೂಂ ಅನ್ನುತ್ತಾರೆ. ಕೈ ಬೆರಳು ಹೇಗಿದೆ, ನಿದ್ದೆ ಹೇಗಿದೆ, ಕಳೆದ ವಾರ ಎಷ್ಟು ದಿನ ಬಿಟ್ಟಿರಿ ಅಂತ ಕೇಳಿ. ಮಾತ್ರೆ ತಡೆಯಲಾಗದವರ ಜೊತೆ ರೇಡಿಯೇಶನ್ ವಿಷಯ ಮತ್ತೆ ಮಾತಾಡಿ.

ಓಡಾಟ ಕಷ್ಟ ಅನ್ನುವುದೇ ಕಾರಣವಾದರೆ ಈಗ ದಾರಿಗಳಿವೆ. ಬ್ರಿಟನ್ನಿನ ಫಾಸ್ಟ್ ಫಾರ್ವರ್ಡ್ ಪ್ರಯೋಗ 4,096 ಮಂದಿಯಲ್ಲಿ, ಒಂದೇ ವಾರದಲ್ಲಿ 5 ಸಿಟಿಂಗ್‌ನಲ್ಲಿ 26 ಗ್ರೇ ಕೊಡುವುದು ಮೂರು ವಾರದ ಚಿಕಿತ್ಸೆಗೆ ಕಡಿಮೆಯಿಲ್ಲ ಅಂತ 2020ರಲ್ಲಿ ತೋರಿಸಿತು. ಐದು ದಿನ ಸಾಕಾಗಬಹುದು ಅಂತ ಗೊತ್ತಿದ್ದರೆ ಬೇಡ ಅನ್ನುವ ಎಷ್ಟೋ ಮನೆಯವರು ಹೂಂ ಅನ್ನುತ್ತಾರೆ.

ಚಿಕ್ಕ ವಯಸ್ಸಿನವರಿಗೆ ಮಗುವಿನ ವಿಷಯವನ್ನು ಮೊದಲ ಕೀಮೋ ಹಾಕುವ ಮುಂಚೆ ಎತ್ತಿ. ಅವರು ಕೇಳಲಿ ಅಂತ ಕಾಯಬೇಡಿ, ಆ ಹೊತ್ತಿನಲ್ಲಿ ಅವರಿಗೆ ಅದು ಹೊಳೆಯುವುದೇ ಇಲ್ಲ. ಹಾರ್ಮೋನ್ ಮಾತ್ರೆಯನ್ನು ಎರಡು ವರ್ಷದವರೆಗೆ ನಿಲ್ಲಿಸಿ ಗರ್ಭ ಧರಿಸಲು ಪ್ರಯತ್ನಿಸಿದ 42 ಮತ್ತು ಅದಕ್ಕಿಂತ ಚಿಕ್ಕವರಲ್ಲಿ, ಮೊದಲ ಕೆಲವು ವರ್ಷಗಳಲ್ಲಿ ಮರುಕಳಿಸುವುದು ಹೆಚ್ಚಾಗಲಿಲ್ಲ ಅಂತ ಪಾಸಿಟಿವ್ ಅನ್ನುವ ಹೆಸರಿನ ಪ್ರಯೋಗ 2023ರಲ್ಲಿ ಹೇಳಿತು. ಇಂಥ ಒಂದು ಮಾತು ಅವರಿಗೆ ಎಷ್ಟು ಧೈರ್ಯ ಕೊಡುತ್ತದೆ ಅಂತ ನೀವು ಆ ಬೆಂಚಿನಲ್ಲಿ ಕೂತಿದ್ದರೆ ಗೊತ್ತಾಗುತ್ತಿತ್ತು. ಎಡ ಸ್ತನದವರಿಗೆ ಉಸಿರು ಹಿಡಿಯುವ ವಿಧಾನ ಇದೆಯಾ ಇಲ್ಲವಾ ಅಂತ ಪ್ಲಾನಿಂಗ್ ಸ್ಕ್ಯಾನ್ ದಿನವೇ ಹೇಳಿ. ಇಲ್ಲದಿದ್ದರೆ ಎಲ್ಲಿ ಇದೆ ಅಂತ ಹೇಳಿ. ಅವರ ಹೃದಯದ ಡೋಸ್ ಎಷ್ಟು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯಿರಿ, ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬ ಡಾಕ್ಟರಿಗೆ ಅದು ಬೇಕಾಗುತ್ತದೆ.

ನಿಮ್ಮ ನಿಮ್ಮ ಆಸ್ಪತ್ರೆಯ ಫಲಿತಾಂಶಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಪ್ರಕಟಿಸಿ ಅಂತಲೂ ಕೇಳುತ್ತೇನೆ. 70 ದಾಟಿದ ಎಷ್ಟು ಮಂದಿಗೆ ರೇಡಿಯೇಶನ್ ಬಿಟ್ಟಿರಿ, ಅವರಲ್ಲಿ ಎಷ್ಟು ಮಂದಿ ಐದು ವರ್ಷ ಮಾತ್ರೆ ಮುಗಿಸಿದರು? ಈ ಎರಡನೇ ಅಂಕಿ ಗೊತ್ತಿಲ್ಲದೆ ಮೊದಲನೆಯದು ಸರಿಯೋ ತಪ್ಪೋ ಅಂತ ಹೇಳುವುದು ಹೇಗೆ?

ಅಮ್ಮನಿಗೆ ಈಗ 79. ಮಾತ್ರೆ ಬದಲಾಯಿಸಿದ್ದಾರೆ, ಬೆರಳು ಪರವಾಗಿಲ್ಲ. ಈಗ ನೋಡುತ್ತಿರುವ ಡಾಕ್ಟರು ಮೊದಲ ದಿನವೇ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು "ಅಮ್ಮಾ, ನೀವು ಹೇಳಿ" ಅಂದರು. ಅಮ್ಮ ಹದಿನೈದು ನಿಮಿಷ ಮಾತಾಡಿದಳು. ಅದರಲ್ಲಿ ಅರ್ಧದಷ್ಟು ನನಗೇ ಗೊತ್ತಿರಲಿಲ್ಲ. ಮುಂದಿನ ಫಾಲೋಅಪ್‌ಗೆ ನಾನು ಫೈಲು ಅವಳ ಕೈಗೆ ಕೊಟ್ಟು ಹೊರಗೆ ಕೂರುತ್ತೇನೆ. ಒಳಗೆ ನಿಮ್ಮಲ್ಲಿ ಯಾರೇ ಇದ್ದರೂ ದಯವಿಟ್ಟು ಅವಳ ಹತ್ತಿರವೇ ಮಾತಾಡಿ.

ಇಂತಿ,
ಒಬ್ಬ ರೋಗಿಯ ಮಗಳು